ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡುವುದು ಹೇಗೆ: ಮದ್ದಿನ ಗುಣ ಅಳೆಯಲು ಕರಾವಳಿಯ ಮನೆಗಳಿಗೊಂದು ಮಾರ್ಗದರ್ಶಿ

ಆಟಿಯ ಮಳೆಗೆ ಮಂಗಳೂರು, ಉಡುಪಿ ಕಡೆ ಯಾವ ಮನೆಯಲ್ಲಿ ಜ್ವರ ಬಂದರೂ ಎರಡು ದಿನದೊಳಗೆ ನಾಲ್ಕು ಮದ್ದಿನ ಹೆಸರು ಬಾಗಿಲಿಗೆ ಬರುತ್ತದೆ. "ನಮ್ಮಲ್ಲಿ ಎಲ್ಲರಿಗೂ ಅದರಲ್ಲೇ ಗುಣ ಆದದ್ದು ಮಾರಾಯ್ರೆ" ಎನ್ನುವವರು ಸುಳ್ಳು ಹೇಳುತ್ತಿಲ್ಲ. ಮದ್ದು ಕುಡಿದದ್ದು ನಿಜ, ಗುಣವಾದದ್ದೂ ನಿಜ. ಇವೆರಡರ ನಡುವೆ "ಅದರಿಂದ" ಎಂಬ ಪದ ಸೇರಿಕೊಳ್ಳುವಾಗ ಮಾತ್ರ ಒಂದು ಪ್ರಶ್ನೆ ಬಿಟ್ಟುಹೋಗುತ್ತದೆ: ಕುಡಿಯದೆ ಇದ್ದಿದ್ದರೆ ಏನಾಗುತ್ತಿತ್ತು?

ಆ ಪ್ರಶ್ನೆಗೆ ಉತ್ತರ ಹುಡುಕುವ ಕ್ರಮವನ್ನು ಇಲ್ಲಿ ಹಂತಹಂತವಾಗಿ ಕೊಟ್ಟಿದೆ. ಕಷಾಯ, ಎಣ್ಣೆ, ಮಾತ್ರೆ, ಶಸ್ತ್ರಚಿಕಿತ್ಸೆ ಎಲ್ಲಕ್ಕೂ ಒಂದೇ ಕ್ರಮ. ಬೇಕಾದದ್ದು ಗೆರೆ ಹಾಕಿದ ಒಂದು ಪುಸ್ತಕ, ಥರ್ಮಾಮೀಟರ್, ಗ್ರಾಂ ತೋರಿಸುವ ಅಡುಗೆಮನೆಯ ತಕ್ಕಡಿ ಮತ್ತು ಸ್ವಲ್ಪ ತಾಳ್ಮೆ.

ಹಂತ 1: ಮೊದಲು ಗಡಿಯಾರ ನೋಡಿ

ಕೆಲವು ಕಾಯಿಲೆಗಳಲ್ಲಿ ಯಾವ ಮದ್ದು ಒಳ್ಳೆಯದೆಂದು ತೂಗಿ ನೋಡಲು ಸಮಯವೇ ಇರುವುದಿಲ್ಲ. ಅವುಗಳ ಪಟ್ಟಿಯನ್ನು ಪುಸ್ತಕದ ಮೊದಲ ಪುಟದಲ್ಲೇ ಬರೆದಿಡಿ.

ಹಾವು ಕಚ್ಚಿದರೆ 108ಕ್ಕೆ ಕರೆ ಮಾಡಿ ಪ್ರತಿವಿಷ ಇರುವ ಆಸ್ಪತ್ರೆಗೆ ಹೊರಡಿ. ನಾಯಿ ಕಚ್ಚಿದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅಂದೇ ರೇಬಿಸ್ ಲಸಿಕೆ ಹಾಕಿಸಿ. ಮುಖ ಸೊಟ್ಟಗಾಗಿ ಒಂದು ಬದಿಯ ಕೈಕಾಲು ಸೋತರೆ, ಮೆದುಳಿನ ರಕ್ತನಾಳದ ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಇರುವ ಅವಧಿ 4.5 ಗಂಟೆ. ಎದೆನೋವಿಗೂ ಇದೇ ಆತುರ ಬೇಕು. ಗದ್ದೆ ಅಥವಾ ಚರಂಡಿಯ ನೀರಿಗೆ ಇಳಿದವರಿಗೆ ಜ್ವರದೊಂದಿಗೆ ಮೀನಖಂಡದ ನೋವು, ಕೆಂಪು ಕಣ್ಣು, ಕಡಿಮೆ ಮೂತ್ರ, ಹಳದಿ ಬಣ್ಣ ಕಂಡರೆ ಅದು ಇಲಿ ಜ್ವರ ಇರಬಹುದು. "ಕಾಮಾಲೆ" ಎಂದುಕೊಂಡು ಮನೆಯಲ್ಲೇ ಪಥ್ಯ ಮಾಡಿಸಿದರೆ ಮೂತ್ರಪಿಂಡ ಹೋಗಬಹುದು. ಗರ್ಭಿಣಿಗೆ ಕಾಮಾಲೆ ಬಂದರೆ ಒಂದು ದಿನವೂ ಕಾಯಬಾರದು. ಹೆಪಟೈಟಿಸ್ ಇ ಎಂಬ ಯಕೃತ್ತಿನ ಸೋಂಕು ಕೊನೆಯ ಮೂರು ತಿಂಗಳಲ್ಲಿ ತಗುಲಿದರೆ ನೂರರಲ್ಲಿ 20ರಿಂದ 25 ತಾಯಂದಿರವರೆಗೆ ಜೀವ ಹೋಗಬಹುದು.

ಇವುಗಳನ್ನು ಬಿಟ್ಟು ಉಳಿದ ತೊಂದರೆಗಳಿಗೆ ಮುಂದಿನ ಹಂತಗಳು.

ಹಂತ 2: ರೋಗದ ಪಂಚಾಂಗ ಬರೆಯಿರಿ

ಮದ್ದಿನ ಗುಣ ಕೇಳುವ ಮುಂಚೆ ರೋಗದ ಗುಣ ತಿಳಿಯಬೇಕು. ಏನೂ ಮಾಡದೆ ಬಿಟ್ಟರೆ ಈ ಕಾಯಿಲೆ ಎಷ್ಟನೇ ದಿನ ಏರುತ್ತದೆ, ಎಷ್ಟನೇ ದಿನ ಇಳಿಯುತ್ತದೆ? ವೈದ್ಯರನ್ನು ನೇರವಾಗಿ ಕೇಳಿ, ಒಂದು ಪುಟದಲ್ಲಿ ದಿನಗಳ ಸಾಲು ಎಳೆದು ಗುರುತು ಹಾಕಿ. ಮದ್ದು ಶುರು ಮಾಡಿದ ದಿನವನ್ನು ಅದೇ ಸಾಲಿನ ಮೇಲೆ ಬರೆಯಿರಿ. ಮಾಡುವ ತಪ್ಪುಗಳಲ್ಲಿ ಹೆಚ್ಚಿನವು ಇಷ್ಟರಲ್ಲೇ ಬಯಲಾಗುತ್ತವೆ.

ಮಂಗಳೂರಿಗೆ ಹಳೆಯ ಪರಿಚಯದ ಮಲೇರಿಯಾವನ್ನೇ ತೆಗೆದುಕೊಳ್ಳಿ. ಇಲ್ಲಿ ಹೆಚ್ಚು ಕಾಣುವುದು ವೈವ್ಯಾಕ್ಸ್ ಎಂಬ ಬಗೆ. ಅದರ ಪರಾವಲಂಬಿ ಕೆಂಪು ರಕ್ತಕಣದೊಳಗೆ ಬೆಳೆದು, ಕಣವನ್ನು ಒಡೆದು ಹೊರಬರಲು ಸುಮಾರು 48 ಗಂಟೆ ಬೇಕು. ಹೀಗಾಗಿ ಜ್ವರ ಲಯಕ್ಕೆ ಬಿದ್ದ ಮೇಲೆ ದಿನ ಬಿಟ್ಟು ದಿನ ಬರುತ್ತದೆ. ಸೋಮವಾರ ಗಡಗಡ ನಡುಗಿದವರಿಗೆ ಸಂಜೆ ಏನು ಕುಡಿಸಿದರೂ ಮಂಗಳವಾರ ಜ್ವರ ಇರುವುದಿಲ್ಲ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು. ಬುಧವಾರ ಮತ್ತೆ ಚಳಿ ಹಿಡಿದಾಗ ತಪ್ಪು ಪಥ್ಯದ ಮೇಲೆ ಹೋಗುತ್ತದೆ, ಮದ್ದಿನ ಹೆಸರು ಕೆಡುವುದಿಲ್ಲ.

ಇಂಗ್ಲಿಷ್ ಮದ್ದು ತೆಗೆದುಕೊಳ್ಳುವವರೂ ಇದೇ ಹೊಂಡಕ್ಕೆ ಬೀಳುತ್ತಾರೆ. ವೈವ್ಯಾಕ್ಸ್‌ಗೆ ನಮ್ಮ ದೇಶದ ಕ್ರಮ ಕ್ಲೋರೋಕ್ವಿನ್ 3 ದಿನ, ಪ್ರಿಮಾಕ್ವಿನ್ 14 ದಿನ. ಮೊದಲನೆಯದು ರಕ್ತದಲ್ಲಿರುವ ಪರಾವಲಂಬಿಯನ್ನು ಕೊಲ್ಲುತ್ತದೆ, ಜ್ವರ ಎರಡು ಮೂರು ದಿನದಲ್ಲಿ ಇಳಿಯುತ್ತದೆ. ಎರಡನೆಯದು ಯಕೃತ್ತಿನಲ್ಲಿ ಮಲಗಿರುವವುಗಳಿಗೆ. ಐದನೇ ದಿನ ಮೈ ಹಗುರಾಗಿ, ಅನುಭವವನ್ನು ನಂಬಿ ಮಾತ್ರೆ ನಿಲ್ಲಿಸಿದರೆ ಮಲಗಿದ್ದವು ವಾರಗಳ ಅಥವಾ ತಿಂಗಳುಗಳ ನಂತರ ಎದ್ದು ಬರುತ್ತವೆ. ಯಕೃತ್ತಿನಲ್ಲಿ ಉಳಿದದ್ದು ಮೈಗೆ ತಿಳಿಯುವುದಿಲ್ಲ. (ಪ್ರಿಮಾಕ್ವಿನ್ ಗರ್ಭಿಣಿಯರಿಗೆ, ಶಿಶುಗಳಿಗೆ ಕೊಡುವುದಿಲ್ಲ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವವರಲ್ಲಿ ಅದು ರಕ್ತಕಣ ಒಡೆಯಬಹುದು. ಮೂತ್ರ ಕಪ್ಪಾದರೆ ಕೂಡಲೇ ವೈದ್ಯರಿಗೆ ತೋರಿಸಿ.)

ಡೆಂಗಿಯ ಪಂಚಾಂಗ ಇನ್ನೂ ಮೋಸದ್ದು. ಜ್ವರ 2ರಿಂದ 7 ದಿನ. ಜ್ವರ ಇಳಿಯುವ ಹೊತ್ತಿಗೇ ಅಪಾಯದ 24ರಿಂದ 48 ಗಂಟೆ ಶುರುವಾಗುತ್ತದೆ. ರಕ್ತನಾಳದಿಂದ ದ್ರವ ಸೋರುವುದು, ರಕ್ತ ಹೆಪ್ಪುಗಟ್ಟಿಸುವ ಕಣಗಳಾದ ಪ್ಲೇಟ್‌ಲೆಟ್ ತಳಕ್ಕೆ ಮುಟ್ಟುವುದು ಆಗಲೇ. ಅದನ್ನು ದಾಟಿದವರಲ್ಲಿ ಪ್ಲೇಟ್‌ಲೆಟ್ ತಾನಾಗಿ ಏರುತ್ತದೆ. ಜನ ಪಪ್ಪಾಯಿ ಎಲೆಯ ರಸ ಹುಡುಕುವುದು ಸಂಖ್ಯೆ ಕುಸಿದಾಗ, ಅಂದರೆ ಐದನೇ ದಿನದ ಆಸುಪಾಸು. ಏಳನೇ ದಿನ ಏರಿದ ಸಂಖ್ಯೆ ರಸದ ಖಾತೆಗೆ ಜಮೆಯಾಗುತ್ತದೆ. ರಸದಿಂದ ಪ್ಲೇಟ್‌ಲೆಟ್ ಸ್ವಲ್ಪ ಬೇಗ ಏರಿತೆಂದು ಹೇಳುವ ಸಣ್ಣ ಅಧ್ಯಯನಗಳು ಇವೆ. ಸಾವು ಅಥವಾ ರಕ್ತಸ್ರಾವ ಕಡಿಮೆಯಾಯಿತೆಂದು ತೋರಿಸಿದ ಗಟ್ಟಿ ಪ್ರಯೋಗ ಇಲ್ಲ. ನೋಡಬೇಕಾದದ್ದು ಹೊಟ್ಟೆನೋವು, ನಿಲ್ಲದ ವಾಂತಿ, ಒಸಡಿನಿಂದ ರಕ್ತ, ಮಂಪರು. ಜ್ವರ ಬಿಟ್ಟ ದಿನ ನೆಮ್ಮದಿಯಿಂದ ಮಲಗಿಬಿಡಬೇಡಿ.

ಕಾಮಾಲೆ ಎಂಬುದು ಒಂದು ರೋಗದ ಹೆಸರಲ್ಲ, ಹಲವು ರೋಗಗಳ ಬಣ್ಣ. ಹೆಪಟೈಟಿಸ್ ಎ ಆದರೆ ಬಹುತೇಕರಲ್ಲಿ ಕೆಲವು ವಾರಗಳಲ್ಲಿ ತಾನಾಗಿ ಇಳಿಯುತ್ತದೆ, ಅದಕ್ಕೆಂದೇ ಮದ್ದೂ ಇಲ್ಲ. ಮೂರು ದಿನ ಬೆಳಗ್ಗೆ ಖಾಲಿ ಹೊಟ್ಟೆಗೆ ಹಾಲಿನಲ್ಲಿ ಅರೆದು ಕೊಟ್ಟ ಬೇರಿಗೂ ಅದು ಇಳಿಯುತ್ತದೆ, ಗಂಜಿ ಉಪ್ಪಿನಕಾಯಿಗೂ ಇಳಿಯುತ್ತದೆ. ಪಿತ್ತನಾಳಕ್ಕೆ ಕಲ್ಲು ಸಿಕ್ಕಿ ಬಂದ ಕಾಮಾಲೆ, ಕ್ಷಯದ ಮಾತ್ರೆಯಿಂದ ಬಂದದ್ದು, ಮೇದೋಜೀರಕದ ಗಡ್ಡೆಯಿಂದ ಬಂದದ್ದು ಹಾಗೆ ಇಳಿಯುವುದಿಲ್ಲ. ರಕ್ತಪರೀಕ್ಷೆ, ಅಗತ್ಯವಿದ್ದರೆ ಸ್ಕ್ಯಾನ್ ಮಾಡಿಸದೆ ಯಾವ ಕಾಮಾಲೆ ಎಂದು ಹೇಳಲಾಗದು. ಆದ್ದರಿಂದ "ಕಾಮಾಲೆಗೆ ಗುಣ ಆಯಿತು" ಎಂದು ಯಾರಾದರೂ ಹೇಳಿದರೆ, ಯಾವ ಕಾಮಾಲೆ ಎಂದು ಕೇಳಿ.

ಸರ್ಪಸುತ್ತಿಗೂ ಇದೇ ಕಥೆ. ಬಾಲ್ಯದ ಸಿಡುಬಿನ ವೈರಸ್ (ದೊಡ್ಡ ಸಿಡುಬಲ್ಲ, ನೀರುಗುಳ್ಳೆಯದು) ನರದಲ್ಲಿ ಅಡಗಿದ್ದು ಮತ್ತೆ ಏಳುವುದರಿಂದ ಅದು ಬರುತ್ತದೆ. ಒಂದು ನರದ ಹಾದಿಯಲ್ಲಷ್ಟೇ ಗುಳ್ಳೆ ಏಳುವುದರಿಂದ ಸಾಮಾನ್ಯವಾಗಿ ದೇಹದ ನಡುಗೆರೆ ದಾಟುವುದಿಲ್ಲ. "ತಲೆ ಬಾಲ ಕೂಡಿದರೆ ಸಾವು" ಎಂಬ ಭಯ ನಿಜವಾಗದೆ ಹೋಗುವುದು ಮೇಲೆ ಬಳಿದ ಮಣ್ಣಿನ ಗುಣದಿಂದಲ್ಲ. ಗುಳ್ಳೆ 2ರಿಂದ 4 ವಾರದಲ್ಲಿ ಒಣಗುತ್ತದೆ. ಆದರೆ ವಯಸ್ಸಾದವರಲ್ಲಿ ನೋವು ತಿಂಗಳುಗಟ್ಟಲೆ ಉಳಿಯಬಹುದು. ವೈರಸ್ ವಿರುದ್ಧದ ಮಾತ್ರೆ ಗುಳ್ಳೆ ಎದ್ದ 72 ಗಂಟೆಯೊಳಗೆ ಶುರುವಾದರೆ ಹೆಚ್ಚು ಪ್ರಯೋಜನ. ಕಣ್ಣಿನ ಬಳಿ, ಮೂಗಿನ ತುದಿಯಲ್ಲಿ ಗುಳ್ಳೆ ಇದ್ದರೆ ಕಣ್ಣಿನ ವೈದ್ಯರನ್ನು ಅಂದೇ ಕಾಣಬೇಕು.

ದೀರ್ಘಕಾಲದ ತೊಂದರೆಗಳಿಗೂ ಏರಿಳಿತ ಇದೆ. ಮಂಡಿನೋವಿನವರು ಹೊಸ ಎಣ್ಣೆ ಹುಡುಕಿಕೊಂಡು ಹೋಗುವುದು ನೋವು ಅತಿಯಾದ ವಾರ. ಅತಿಯಾದದ್ದು ಸರಾಸರಿಗೆ ಮರಳುವುದು ಸಹಜ. ತುತ್ತತುದಿಯಲ್ಲಿ ಶುರು ಮಾಡಿದ ಯಾವ ಮದ್ದೂ ಕೆಲಸ ಮಾಡಿದಂತೆಯೇ ಕಾಣುತ್ತದೆ.

ಹಂತ 3: ಕಣ್ಣಿಗೆ ಬೀಳದವರನ್ನು ಎಣಿಸಿ

ಹಾವಿನ ಕಡಿತದಲ್ಲಿ ಬಹಳಷ್ಟು ವಿಷವಿಲ್ಲದ ಹಾವಿನದು. ವಿಷದ ಹಾವೂ ಕೆಲವೊಮ್ಮೆ ವಿಷ ಬಿಡದೆ ಕಚ್ಚುತ್ತದೆ. ಕಚ್ಚುವ ನಾಯಿಗಳಲ್ಲೂ ಹುಚ್ಚುನಾಯಿ ಕಡಿಮೆ. ಹಾಗಾಗಿ ಸೊಪ್ಪಿನ ರಸ ಕೊಟ್ಟವರ ಬಳಿ ಬದುಕಿದವರ ದೊಡ್ಡ ಪಟ್ಟಿ ಇರುತ್ತದೆ, ಅದೂ ನಿಜದ ಪಟ್ಟಿಯೇ. ರೇಬಿಸ್ ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳ ನಂತರ ತಲೆ ಎತ್ತುವುದರಿಂದ ಸತ್ತವರ ಕುಟುಂಬ ಮತ್ತೆ ಅದೇ ಅಂಗಳಕ್ಕೆ ಬಂದು ಹೇಳುವುದಿಲ್ಲ.

ಇನ್ನೊಂದು ವಾಲಿಕೆ ಇದಕ್ಕಿಂತ ಆಳದ್ದು. ಹಗುರಾದ ಕಡಿತದವರು ಮನೆಮದ್ದಿನಲ್ಲೇ ಗುಣವಾಗುತ್ತಾರೆ. ವಿಷ ಏರಿದವರನ್ನು ಕೊನೆಗೆ ದೊಡ್ಡಾಸ್ಪತ್ರೆಗೆ ಒಯ್ಯುತ್ತಾರೆ, ಕೆಲವರು ಅಲ್ಲಿ ಸಾಯುತ್ತಾರೆ. ಊರಿನ ನೆನಪಿನಲ್ಲಿ ಉಳಿಯುವುದು: "ನಾಟಿ ಮದ್ದಿನಲ್ಲಿ ಬದುಕಿದರು, ಆಸ್ಪತ್ರೆಗೆ ಹೋದವರು ಸತ್ತರು." ಎರಡು ಕಡೆಗೆ ಹೋದವರ ಕಾಯಿಲೆಯ ತೀವ್ರತೆ ಒಂದೇ ಇತ್ತೇ ಎಂದು ಯಾರೂ ಕೇಳುವುದಿಲ್ಲ.

ಪುಸ್ತಕದಲ್ಲಿ ನಾಲ್ಕು ಮನೆ ಎಳೆಯಿರಿ: ಮದ್ದು ತೆಗೆದುಕೊಂಡು ಗುಣವಾದವರು, ತೆಗೆದುಕೊಂಡು ಆಗದವರು, ತೆಗೆದುಕೊಳ್ಳದೆ ಗುಣವಾದವರು, ತೆಗೆದುಕೊಳ್ಳದೆ ಆಗದವರು. ಬಾಯಿಮಾತಿನಲ್ಲಿ ತುಂಬುವುದು ಮೊದಲ ಮನೆ ಮಾತ್ರ. ಉಳಿದ ಮೂರು ಖಾಲಿ ಇರುವವರೆಗೆ ತೀರ್ಮಾನ ಬರೆಯಬೇಡಿ.

ಹಂತ 4: ಅನುಭವದ ಮಾತು ನಡೆಯುವ ಜಾಗ ಗುರುತಿಸಿ

ನೋವು, ತುರಿಕೆ, ನಿದ್ದೆ, ವಾಕರಿಕೆ, ದಣಿವು ಇವುಗಳನ್ನು ಅನುಭವಿಸುವವರೇ ಹೇಳಬೇಕು, ಬೇರೆ ಯಾವ ಯಂತ್ರವೂ ಹೇಳದು. "ಈ ಮಾತ್ರೆ ತೆಗೆದುಕೊಂಡರೆ ತಲೆ ಸುತ್ತುತ್ತದೆ" ಎಂದಾಗ ವೈದ್ಯರು ತಳ್ಳಿಹಾಕಿದರೆ ತಪ್ಪು ವೈದ್ಯರದು. ಯಾವ ತೊಂದರೆಯನ್ನು ಸಹಿಸಬಲ್ಲೆ, ಯಾವುದನ್ನು ಸಹಿಸಲಾರೆ ಎಂಬುದೂ ರೋಗಿಯ ನಿರ್ಧಾರ.

ರಕ್ತದೊತ್ತಡ, ಸಕ್ಕರೆ, ಕೊಲೆಸ್ಟರಾಲ್, ಯಕೃತ್ತಿನ ಊತ, ಗಡ್ಡೆಯ ಬೆಳವಣಿಗೆ ಮೈಗೆ ತಿಳಿಯುವುದಿಲ್ಲ. ಇಲ್ಲಿ "ಆರಾಮ ಇದೆ" ಎಂಬುದು ಅಳತೆಯೇ ಅಲ್ಲ. ಹಿತ್ತಲಿನ ಇನ್ಸುಲಿನ್ ಗಿಡದ ಎಲೆ ಜಗಿದು ಸಕ್ಕರೆ ಇಳಿಯಿತೆನ್ನುವವರು ಎರಡು ಸಂಗತಿ ಗಮನಿಸಬೇಕು. ಮನೆಯ ಗ್ಲೂಕೋಮೀಟರಿಗೆ ಶೇ 15ರಷ್ಟು ಆಚೀಚೆ ಆಗುವುದಕ್ಕೆ ಅವಕಾಶ ಇದೆ. ಅಂದರೆ 150 ಎಂದು ತೋರಿಸಿದರೆ ನಿಜದ ಸಂಖ್ಯೆ 130ರ ಹತ್ತಿರವೂ ಇರಬಹುದು, 170ರ ಹತ್ತಿರವೂ. ಎರಡನೆಯದು, ಒಂದು ಬೆಳಗಿನ ಸಂಖ್ಯೆ ಹಿಂದಿನ ರಾತ್ರಿಯ ಊಟದ ಕಥೆ ಹೇಳುತ್ತದೆ. ಎರಡು ಮೂರು ತಿಂಗಳ ಸರಾಸರಿ ಹೇಳುವುದು ಎಚ್‌ಬಿಎ1ಸಿ ಎಂಬ ರಕ್ತಪರೀಕ್ಷೆ. ಗಿಡದ ಹೆಸರಿನಲ್ಲಿ ಇನ್ಸುಲಿನ್ ಇದ್ದರೂ ಎಲೆಯಲ್ಲಿ ಅದಿಲ್ಲ, ಇದ್ದಿದ್ದರೂ ಹೊಟ್ಟೆಯಲ್ಲಿ ಜೀರ್ಣವಾಗಿ ಹೋಗುತ್ತಿತ್ತು. ಟೈಪ್ 1 ಮಧುಮೇಹದ ಮಗುವಿನ ಇನ್ಸುಲಿನ್ ನಿಲ್ಲಿಸಿ ಎಲೆ ಕೊಟ್ಟರೆ ಕೆಲವೇ ದಿನಗಳಲ್ಲಿ ಜೀವಕ್ಕೆ ಅಪಾಯ ಬರುತ್ತದೆ.

ವೈದ್ಯರ ಸ್ವಂತ ಅನುಭವಕ್ಕೂ ಇದೇ ಮಿತಿ ಉಂಟು. ಹೃದಯಾಘಾತದ ನಂತರ ಬರುವ ಹೆಚ್ಚುವರಿ ಮಿಡಿತಗಳನ್ನು ಅಡಗಿಸುವ ಮಾತ್ರೆಗಳನ್ನು 1980ರ ದಶಕದಲ್ಲಿ ಧಾರಾಳವಾಗಿ ಕೊಡುತ್ತಿದ್ದರು. ಇಸಿಜಿಯಲ್ಲಿ ಮಿಡಿತ ನೇರವಾದದ್ದು ಕಣ್ಣಿಗೆ ಕಾಣುತ್ತಿತ್ತು. 1989ರಲ್ಲಿ ಅಮೆರಿಕದ ಕಾಸ್ಟ್ ಪ್ರಯೋಗದಲ್ಲಿ ಮದ್ದಿಲ್ಲದ ಹುಸಿಮಾತ್ರೆಯೊಂದಿಗೆ ಹೋಲಿಸಿದಾಗ ಆ ಮದ್ದು ಪಡೆದವರೇ ಹೆಚ್ಚು ಸತ್ತದ್ದು ತಿಳಿಯಿತು. "ಕೈಗುಣ" ಚೆನ್ನಾಗಿದ್ದ ವೈದ್ಯರಿಗೂ ತಮ್ಮ ಕೋಣೆಯಲ್ಲಿ ಕೂತು ಇದು ಗೊತ್ತಾಗಲು ಸಾಧ್ಯವಿರಲಿಲ್ಲ.

ಹಂತ 5: ಮನೆಯಲ್ಲೇ ಒಂದು ಸರಿಯಾದ ಪರೀಕ್ಷೆ

ಮಂಡಿನೋವಿನಂಥ, ದೀರ್ಘಕಾಲದ, ಜೀವಕ್ಕೆ ಅಪಾಯವಿಲ್ಲದ, ಮದ್ದು ನಿಲ್ಲಿಸಿದರೆ ಮರಳುವ ತೊಂದರೆಗೆ ಮಾತ್ರ ಇದು ಸಲ್ಲುತ್ತದೆ. ಗರ್ಭಿಣಿಯರು, ಮಕ್ಕಳು, ರಕ್ತ ತೆಳು ಮಾಡುವ ಮಾತ್ರೆಯವರು ಬೇಡ. ಅಪಸ್ಮಾರ, ಹೃದಯ, ಕ್ಷಯ, ಮಾನಸಿಕ ಕಾಯಿಲೆಯ ಮಾತ್ರೆಗಳನ್ನು ಪರೀಕ್ಷೆಗೆಂದು ನಿಲ್ಲಿಸಲೇಬೇಡಿ.

ಒಣಶುಂಠಿ ಪುಡಿಯಿಂದ ಮಂಡಿನೋವು ಕಡಿಮೆಯಾಗುತ್ತದೆಯೇ ಎಂಬುದು ಪ್ರಶ್ನೆ ಎಂದಿಟ್ಟುಕೊಳ್ಳಿ. ಮೊದಲು ವೈದ್ಯರಿಗೆ ತಿಳಿಸಿ. ನಂತರ 14 ದಿನ ಏನೂ ಹೊಸದು ತೆಗೆದುಕೊಳ್ಳದೆ ಪ್ರತಿದಿನ ರಾತ್ರಿ 8ಕ್ಕೆ ಒಂದೇ ಪ್ರಶ್ನೆಗೆ 0ಯಿಂದ 10ರೊಳಗೆ ಅಂಕ ಬರೆಯಿರಿ: ಇಂದು ಮೆಟ್ಟಿಲು ಹತ್ತುವಾಗ ನೋವು ಎಷ್ಟು? ನೋವಿನ ಮಾತ್ರೆ ಎಷ್ಟು ನುಂಗಿದಿರಿ, ದೈವದ ಕೋಲ ಅಥವಾ ಮದುವೆಮನೆಯಲ್ಲಿ ರಾತ್ರಿಯಿಡೀ ನಿಂತಿರಾ ಎಂದೂ ಪಕ್ಕದಲ್ಲಿ ಬರೆಯಿರಿ.

ಔಷಧದ ಅಂಗಡಿಯಲ್ಲಿ ಬಣ್ಣದ, ಒಳಗಿನದು ಕಾಣದ ಖಾಲಿ ಕ್ಯಾಪ್ಸೂಲ್ ಸಿಗುತ್ತದೆ. ಸೊನ್ನೆ ಅಳತೆಯದರಲ್ಲಿ ಸುಮಾರು 400ರಿಂದ 500 ಮಿಲಿಗ್ರಾಂ ಪುಡಿ ಹಿಡಿಯುತ್ತದೆ. ಮನೆಯ ಇನ್ನೊಬ್ಬರು ಅರ್ಧದಲ್ಲಿ ಶುಂಠಿ ಪುಡಿ, ಅರ್ಧದಲ್ಲಿ ಹುರಿದ ಅಕ್ಕಿಹಿಟ್ಟು ತುಂಬಲಿ. ದಿನಕ್ಕೆ ಎರಡರಂತೆ 84 ದಿನಕ್ಕೆ 168 ಬೇಕು, ಅಂದರೆ ಪ್ರತಿ ಬಗೆಯದು 84. ಆರು ಡಬ್ಬಿಯಲ್ಲಿ 28ರಂತೆ ಹಾಕಿ 1ರಿಂದ 6 ಎಂದು ಅಂಕೆ ಬರೆಯಬೇಕು. 1-2, 3-4, 5-6 ಜೋಡಿಗಳು, ಪ್ರತಿ ಜೋಡಿಯಲ್ಲಿ ಒಂದು ಡಬ್ಬಿ ಶುಂಠಿಯದು, ಒಂದು ಅಕ್ಕಿಹಿಟ್ಟಿನದು. ಪ್ರತಿ ಜೋಡಿಯಲ್ಲಿ ಯಾವುದು ಮೊದಲು ಎಂಬುದನ್ನು ನಾಣ್ಯ ಚಿಮ್ಮಿ ನಿರ್ಧರಿಸಿ, ಕೀಲಿಯನ್ನು ಲಕೋಟೆಯಲ್ಲಿ ಅಂಟಿಸಿಡಲಿ. ನುಂಗುವವರಿಗೆ ಗೊತ್ತಾಗಬಾರದು. ವಾಸನೆ ಹೊರಗೆ ಅಂಟದಂತೆ ಕ್ಯಾಪ್ಸೂಲನ್ನು ಒಣಬಟ್ಟೆಯಲ್ಲಿ ಒರೆಸಿ, ಎಲ್ಲ ಡಬ್ಬಿಗೂ ಒಂದು ಚಿಟಿಕೆ ಶುಂಠಿ ಪುಡಿಯ ಪೊಟ್ಟಣ ಹಾಕಿಡಿ. ಮಳೆಗಾಲದ ತೇವಕ್ಕೆ ಕ್ಯಾಪ್ಸೂಲ್ ಮೆತ್ತಗಾಗುತ್ತದೆ, ಬಿಗಿ ಮುಚ್ಚಳ ಬೇಕು. ಶುಂಠಿ ತೇಗು ಬಂದು ಗುಟ್ಟು ರಟ್ಟಾದರೆ ಆ ದಿನವೇ ಪುಸ್ತಕದಲ್ಲಿ ಗುರುತು ಹಾಕಿ.

ಒಂದೊಂದು ಡಬ್ಬಿ 14 ದಿನ. ಹಿಂದಿನದರ ಪರಿಣಾಮ ಉಳಿದಿರಬಹುದಾದ್ದರಿಂದ ಪ್ರತಿ ಡಬ್ಬಿಯ ಮೊದಲ 4 ದಿನದ ಅಂಕ ಬಿಟ್ಟು ಉಳಿದ 10 ದಿನದ ಸರಾಸರಿ ತೆಗೆಯಿರಿ. ಎಷ್ಟು ವ್ಯತ್ಯಾಸ ಬಂದರೆ ಲಾಭ ಎಂದು ಒಪ್ಪುತ್ತೀರಿ ಎಂಬುದನ್ನು ಮೊದಲೇ ಬರೆಯಿರಿ, 2 ಅಂಕ ಸರಿಯಾದ ಗೆರೆ. ಲಕೋಟೆ ಒಡೆಯುವುದು ಆರನೇ ಡಬ್ಬಿ ಮುಗಿದ ಮೇಲೆ. ಮೂರೂ ಜೋಡಿಯಲ್ಲಿ ಶುಂಠಿಯೇ ಗೆದ್ದರೂ ಅದು ಬರೀ ಅದೃಷ್ಟದಿಂದ ಆಗುವ ಸಾಧ್ಯತೆ 8ರಲ್ಲಿ 1. ಐದು ಜೋಡಿ ಮಾಡಿದರೆ 32ರಲ್ಲಿ 1. ಪರೀಕ್ಷೆ ಕೆಡುವುದು ಹೆಚ್ಚಾಗಿ ಎರಡು ಕಾರಣಕ್ಕೆ: ನಡುವೆ ಇಣುಕಿ ನೋಡುವುದು, ಕೆಟ್ಟ ವಾರ ಬಂದಾಗ ನೋವಿನ ಮಾತ್ರೆ ಹೆಚ್ಚಿಸಿ ಅದನ್ನು ಬರೆಯದಿರುವುದು.

ಇದು ಆಟದ ವಿಜ್ಞಾನವಲ್ಲ. ಕೊಲೆಸ್ಟರಾಲ್ ಇಳಿಸುವ ಸ್ಟಾಟಿನ್ ಮಾತ್ರೆಯಿಂದ ಮೈಕೈ ನೋವು ಎಂದು ಬಿಟ್ಟಿದ್ದ 60 ಮಂದಿಯ ಮೇಲೆ ಬ್ರಿಟನ್ನಿನಲ್ಲಿ ಇದೇ ಮಾದರಿಯ ಪ್ರಯೋಗ ನಡೆದು 2020ರಲ್ಲಿ ಪ್ರಕಟವಾಯಿತು. ನಾಲ್ಕು ತಿಂಗಳು ಸ್ಟಾಟಿನ್, ನಾಲ್ಕು ತಿಂಗಳು ಹುಸಿಮಾತ್ರೆ, ನಾಲ್ಕು ತಿಂಗಳು ಖಾಲಿ ಬಾಟಲಿ, ಎಲ್ಲ ಬೆರೆತ ಕ್ರಮದಲ್ಲಿ. ನೂರರ ಅಳತೆಯಲ್ಲಿ ತೊಂದರೆಯ ಸರಾಸರಿ ಖಾಲಿ ತಿಂಗಳಲ್ಲಿ 8.0, ಹುಸಿಮಾತ್ರೆಗೆ 15.4, ಸ್ಟಾಟಿನ್‌ಗೆ 16.3. ನೋವು ನಿಜ, ಅದರ ಬಹುಪಾಲು ಮಾತ್ರೆ ನುಂಗುತ್ತಿದ್ದೇನೆ ಎಂಬ ಅರಿವಿನಿಂದ ಬಂದದ್ದು. ತಮ್ಮದೇ ಅಂಕಗಳನ್ನು ಕಂಡ ಮೇಲೆ ಅರ್ಧದಷ್ಟು ಜನ ಮತ್ತೆ ಸ್ಟಾಟಿನ್ ಶುರು ಮಾಡಿದರು.

ಹಂತ 6: "ಸಂಶೋಧನೆಯಲ್ಲಿ ಸಾಬೀತಾಗಿದೆ" ಎಂದರೆ ಕೇಳಬೇಕಾದದ್ದು

ಯಾರ ಮೇಲೆ ನಡೆಯಿತು, ಇಲಿಯೋ ಮನುಷ್ಯರೋ? ಯಾವುದರೊಂದಿಗೆ ಹೋಲಿಸಿದರು? ಯಾರಿಗೆ ಯಾವುದು ಎಂಬುದನ್ನು ಚೀಟಿ ಎತ್ತಿ ಹಂಚಿದರೇ? ಅಳೆದದ್ದು ರಕ್ತದ ಸಂಖ್ಯೆಯನ್ನೋ, ಬದುಕು ಸಾವುಗಳನ್ನೋ? ಇನ್ನೊಂದು ಊರಿನವರು ಮಾಡಿದಾಗಲೂ ಅದೇ ಫಲ ಬಂತೇ?

ಕೊನೆಯ ಪ್ರಶ್ನೆಗೆ ನಮ್ಮ ಅಂಗಳದ ನೆಲನೆಲ್ಲಿಯೇ ಪಾಠ. 1988ರಲ್ಲಿ ಮದ್ರಾಸಿನ ಸಂಶೋಧಕರು ಹೆಪಟೈಟಿಸ್ ಬಿ ವಾಹಕರಿಗೆ 30 ದಿನ ನೆಲನೆಲ್ಲಿಯ ಪುಡಿ ಕೊಟ್ಟಾಗ 37ರಲ್ಲಿ 22 ಮಂದಿಯ ರಕ್ತದಿಂದ ವೈರಸ್ಸಿನ ಗುರುತು ಮಾಯವಾಯಿತು, ಹುಸಿಮದ್ದಿನವರಲ್ಲಿ 23ರಲ್ಲಿ 1. ಲ್ಯಾನ್ಸೆಟ್‌ನಲ್ಲಿ ಪ್ರಕಟವಾದ ಈ ಫಲ ಬೇರೆ ಕಡೆ ನಡೆದ ಪ್ರಯೋಗಗಳಲ್ಲಿ ಮರುಕಳಿಸಲಿಲ್ಲ. ಒಂದೇ ಒಂದು ಸಣ್ಣ ಅಧ್ಯಯನ, ಎಷ್ಟೇ ದೊಡ್ಡ ಪತ್ರಿಕೆಯಲ್ಲಿ ಬಂದರೂ, ಆರಂಭವಷ್ಟೆ. ಸರ್ಪಗಂಧದ ಕಥೆ ಬೇರೆ ದಾರಿ ಹಿಡಿಯಿತು. ಜನರ ಅನುಭವದಲ್ಲಿದ್ದ ಬೇರನ್ನು ಮುಂಬಯಿಯ ಡಾ. ರುಸ್ತುಂ ಜಾಲ್ ವಕೀಲ್ ರಕ್ತದೊತ್ತಡದ ರೋಗಿಗಳಿಗೆ ಕೊಟ್ಟು, ಅಳೆದು, 1949ರಲ್ಲಿ ಪ್ರಕಟಿಸಿದರು. 1952ರಲ್ಲಿ ಅದರಿಂದ ರೆಸರ್ಪಿನ್ ಎಂಬ ಸತ್ವ ಬೇರ್ಪಟ್ಟಿತು. ಬೇರಿನ ಗುಣದ ಜೊತೆಗೆ ಖಿನ್ನತೆಯಂಥ ಅಡ್ಡ ಪರಿಣಾಮವೂ ಬೆಳಕಿಗೆ ಬಂತು.

ಜಾಹೀರಾತಿನ ಶೇಕಡಾವನ್ನು ಯಾವಾಗಲೂ ತಲೆಲೆಕ್ಕಕ್ಕೆ ಇಳಿಸಿ. "ಅಪಾಯ ಶೇ 50 ಕಡಿಮೆ" ಎಂದರೆ ನೂರರಲ್ಲಿ 40 ಇದ್ದದ್ದು 20ಕ್ಕೆ ಇಳಿದಿರಬಹುದು, 2 ಇದ್ದದ್ದು 1ಕ್ಕೂ ಇಳಿದಿರಬಹುದು. ಎರಡನೆಯದಾದರೆ ಒಬ್ಬರಿಗೆ ಲಾಭವಾಗಲು ನೂರು ಮಂದಿ ನುಂಗಬೇಕು.

ಭಾರತದಲ್ಲಿ ಮನುಷ್ಯರ ಮೇಲೆ ನಡೆಯುವ ಮದ್ದಿನ ಪ್ರಯೋಗಗಳನ್ನು ಸಿಟಿಆರ್‌ಐ ಎಂಬ ರಾಷ್ಟ್ರೀಯ ನೋಂದಣಿಯಲ್ಲಿ ಯಾರು ಬೇಕಾದರೂ ಹುಡುಕಬಹುದು. 2007ರಲ್ಲಿ ಶುರುವಾದ ಅದು 2009ರ ಜೂನ್ 15ರಿಂದ ಕಡ್ಡಾಯ. ಏನನ್ನು ಅಳೆಯುತ್ತೇವೆ ಎಂದು ಮೊದಲು ಬರೆದದ್ದಕ್ಕೂ ಕೊನೆಗೆ ಪ್ರಕಟಿಸಿದ್ದಕ್ಕೂ ತಾಳೆಯಾಗದಿದ್ದರೆ ಎಚ್ಚರ. ಒಂದು ವಿಷಯದ ಎಲ್ಲ ಪ್ರಯೋಗಗಳನ್ನು ಒಟ್ಟಿಗೆ ತೂಗುವ ಕಾಕ್ರೇನ್ ವಿಮರ್ಶೆಗಳ ಸರಳ ಸಾರಾಂಶ ಉಚಿತವಾಗಿ ಓದಲು ಸಿಗುತ್ತದೆ. ಮಧುಮೇಹ, ಕ್ಯಾನ್ಸರ್ ವಾಸಿಮಾಡುತ್ತೇವೆಂದು ಜಾಹೀರಾತು ಕೊಡುವುದೇ 1954ರ ಕಾಯ್ದೆಯ ಪ್ರಕಾರ ಅಪರಾಧ. ಅಂಥ ಫಲಕ ಕಂಡರೆ ಮುಂದೆ ಓದುವ ಅಗತ್ಯವಿಲ್ಲ.

ಹಂತ 7: "ಯಾರಿಗೂ ಏನೂ ಆಗಿಲ್ಲ" ಎಂಬುದರ ಲೆಕ್ಕ

30 ಮಂದಿಗೆ ಕೊಟ್ಟು ಒಬ್ಬರಿಗೂ ತೊಂದರೆಯಾಗದಿದ್ದರೆ ಅಪಾಯ ಸೊನ್ನೆ ಎಂದರ್ಥವಲ್ಲ. 3ನ್ನು ಆ ಸಂಖ್ಯೆಯಿಂದ ಭಾಗಿಸಿ: ನಿಜದ ಅಪಾಯ ಹತ್ತರಲ್ಲಿ ಒಬ್ಬರವರೆಗೂ ಇರಬಹುದು. 300 ಮಂದಿಗೆ ಕೊಟ್ಟಿದ್ದರೆ ನೂರರಲ್ಲಿ ಒಬ್ಬರವರೆಗೆ. ಅಪರೂಪದ ಹಾನಿ ಒಂದು ಮನೆತನದ, ಒಂದು ಊರಿನ ಅನುಭವಕ್ಕೆ ಸಿಗುವುದೇ ಇಲ್ಲ.

ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಕಷಾಯ ಮನೆಮನೆಗೆ ಬಂದಾಗ, ಅದನ್ನು ಕುಡಿದ ಕೆಲವರಲ್ಲಿ ಯಕೃತ್ತಿಗೆ ಹಾನಿಯಾದದ್ದನ್ನು ಮುಂಬಯಿಯ ವೈದ್ಯರು 2021ರಲ್ಲಿ ವರದಿ ಮಾಡಿದರು. ಗಿಡ ಗುರುತಿಸುವುದರಲ್ಲೇ ತಪ್ಪಾಗಿರಬಹುದು, ಅದರಂತೆಯೇ ಕಾಣುವ ಇನ್ನೊಂದು ಬಳ್ಳಿ ಇದೆ ಎಂದು ಆಯುಷ್ ಸಚಿವಾಲಯ ಆಕ್ಷೇಪಿಸಿತು. ಯಾರ ವಾದ ಸರಿಯಾದರೂ ಮನೆಯವರು ಮಾಡಬೇಕಾದದ್ದು ಒಂದೇ: ಎಲೆ, ಕಾಂಡ, ಹೂವಿನ ಫೋಟೊ ತೆಗೆದಿಡುವುದು, "ಒಂದು ಹಿಡಿ" ಬದಲು ಗ್ರಾಂ ಬರೆಯುವುದು, ಎಷ್ಟು ದಿನ ಕುಡಿದೆವೆಂದು ನಮೂದಿಸುವುದು. ಆಟಿ ಅಮಾವಾಸ್ಯೆಯ ಕಷಾಯಕ್ಕೆ ಪಾಲೆ ಮರದ ಕೆತ್ತೆ (ತೊಗಟೆ) ತರುವವರು ಮರವನ್ನು ಹಿಂದಿನ ದಿನ ಹಗಲಿನಲ್ಲೇ ಗುರುತು ಮಾಡಿಡಲಿ. ನಸುಕಿನ ಕತ್ತಲಲ್ಲಿ ಕೈ ತಪ್ಪಿ ಕಾಸರಕನ ತೊಗಟೆ ಬಂದರೆ ಅದರಲ್ಲಿ ಸ್ಟ್ರಿಕ್ನಿನ್ ಎಂಬ ಮಾರಕ ವಿಷ ಇದೆ. ಪಾಲೆಯಾದರೆ ಗೀರಿದಲ್ಲಿ ಬಿಳಿ ಹಾಲು ಬರುತ್ತದೆ, ಎಲೆಗಳು ಒಂದೇ ಬಿಂದುವಿನಿಂದ ಸುತ್ತಲೂ ಹರಡಿರುತ್ತವೆ. ಕಾಸರಕದಲ್ಲಿ ಹಾಲಿಲ್ಲ, ಎಲೆಗಳು ಎದುರುಬದುರು ಜೋಡಿ. ಆದರೂ ಮರವನ್ನು ಬಲ್ಲ ಹಿರಿಯರೊಬ್ಬರು ಜೊತೆಗಿರಲಿ.

ಹಂತ 8: ಪುಸ್ತಕ ಹಿಡಿದು ವೈದ್ಯರ ಬಳಿಗೆ

ಹೊರರೋಗಿ ವಿಭಾಗದಲ್ಲಿ ಸಿಗುವುದು ಐದು ನಿಮಿಷ. ಒಂದೇ ಹಾಳೆಯಲ್ಲಿ ಬರೆದು ಒಯ್ಯಿರಿ: ತೊಂದರೆ ಶುರುವಾದ ದಿನ, ತೆಗೆದುಕೊಂಡ ಎಲ್ಲ ಮದ್ದು (ನಾಟಿ, ಆಯುರ್ವೇದ, ಹೋಮಿಯೋಪಥಿ, ಅಂಗಡಿಯಿಂದ ತಂದದ್ದೂ ಸೇರಿ), ಪ್ರಮಾಣ, ದಿನ, ಮತ್ತು ಅಂಕಗಳ ಸಾಲು. ಬೈಗುಳಕ್ಕೆ ಹೆದರಿ ಕಷಾಯದ ವಿಷಯ ಮುಚ್ಚಿಡಬೇಡಿ, ಯಕೃತ್ತಿನ ಪರೀಕ್ಷೆ ಏರುಪೇರಾದಾಗ ಕಾರಣ ಸಿಗದೆ ದಿನ ಕಳೆದುಹೋಗುತ್ತದೆ. ಮೂರು ಪ್ರಶ್ನೆ ಕೇಳಿ: ಏನೂ ಮಾಡದಿದ್ದರೆ ಏನಾಗುತ್ತದೆ? ಈ ಚಿಕಿತ್ಸೆಯಿಂದ ನನ್ನಂಥ ನೂರು ಮಂದಿಯಲ್ಲಿ ಎಷ್ಟು ಮಂದಿಗೆ ಲಾಭ, ಎಷ್ಟು ಮಂದಿಗೆ ತೊಂದರೆ? ಯಾವ ದಿನ, ಯಾವ ಲಕ್ಷಣ ಕಂಡರೆ ಮರಳಿ ಬರಬೇಕು?

ಯಾವ ಮದ್ದಿನಿಂದಲೇ ಆಗಲಿ ತೊಂದರೆಯಾಯಿತೆಂಬ ಅನುಮಾನವಿದ್ದರೆ ಔಷಧ ಸುರಕ್ಷತೆಯ ರಾಷ್ಟ್ರೀಯ ಸಹಾಯವಾಣಿ 1800-180-3024ಕ್ಕೆ ತಿಳಿಸಬಹುದು, ಶುಲ್ಕವಿಲ್ಲ. ಉಳಿದ ಮಾತ್ರೆ, ಪುಡಿ, ಎಣ್ಣೆಯ ಬಾಟಲಿಯನ್ನು ಎಸೆಯದೆ ಹೆಸರು, ದಿನಾಂಕ, ಬ್ಯಾಚ್ ಸಂಖ್ಯೆ ಕಾಣುವಂತೆ ಮುಚ್ಚಿ ಇಟ್ಟುಕೊಳ್ಳಿ.